ದುರ್ಗದ ಪುರಾತತ್ವ ಉಪನ್ಯಾಸ ಮತ್ತು ಪ್ರವಾಸ: ಪಾಯ ತೋಡಿಸುವವನ ಅಭಿಪ್ರಾಯ

ಚಿತ್ರದುರ್ಗದ ಕೆಲವು ಇತಿಹಾಸ ಮೇಷ್ಟ್ರುಗಳು ಸೇರಿ ಸಾರ್ವಜನಿಕರಿಗೆ ಪುರಾತತ್ವದ ಉಪನ್ಯಾಸ ಮತ್ತು ಸ್ಥಳ ಪ್ರವಾಸ ನಡೆಸುತ್ತಾರೆ. ಶನಿವಾರ ಸಂಜೆ ಉಪನ್ಯಾಸ, ಭಾನುವಾರ ಪ್ರವಾಸ. ಉಪನ್ಯಾಸಕ್ಕೆ ದುಡ್ಡಿಲ್ಲ. ಪ್ರವಾಸಕ್ಕೆ ತಲೆಗೆ 450 ರೂಪಾಯಿ. ಬಸ್ಸು, ತಿಂಡಿ, ಮಧ್ಯಾಹ್ನದ ಊಟ ಅದರಲ್ಲೇ ಬರುತ್ತದೆ, ಕೋಟೆಯ ಟಿಕೆಟ್ ಮಾತ್ರ ನಮ್ಮದು. ಪ್ರವಾಸದಲ್ಲಿ ಎರಡು ಬಗೆ. ಒಂದು ಚಂದ್ರವಳ್ಳಿ ಮತ್ತು ಕೋಟೆ, ಇನ್ನೊಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಪಿಯುಸಿ ಓದುವ ಮಗಳನ್ನು ಕರೆದುಕೊಂಡು ನಾನು ಎರಡಕ್ಕೂ ಹೋಗಿ ಬಂದೆ. ಹೋಗಲೇಬೇಕಾದ ಕಾರ್ಯಕ್ರಮ ಇದು. ಕೊರತೆಗಳೂ ಇವೆ, ಅವನ್ನೂ ಬರೆಯುತ್ತೇನೆ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ದಾವಣಗೆರೆಯಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರ್. ಸಿವಿಲ್ ಡಿಪ್ಲೊಮಾ ಮಾಡಿದ್ದೇನೆ. ವರ್ಷವಿಡೀ ಪಾಯ ತೋಡಿಸುವುದೇ ಕೆಲಸ. ಮೇಲೆ ಎರೆ ಮಣ್ಣು, ಅದರ ಕೆಳಗೆ ಗರಸು, ಎಲ್ಲೋ ಒಂದು ಕಡೆ ಹಳೇ ಬಾವಿ ಮುಚ್ಚಿದ ಮಣ್ಣು. ಇದೆಲ್ಲ ನನಗೆ ದಿನಾ ಕಾಣುವ ವಿಷಯ. ಮುಚ್ಚಿದ ಮಣ್ಣು ಯಾವುದು, ಹುಟ್ಟು ಮಣ್ಣು ಯಾವುದು ಅಂತ ಗೊತ್ತಾಗದಿದ್ದರೆ ಕಟ್ಟಿದ ಮನೆ ಬಿರುಕು ಬಿಡುತ್ತದೆ. ಹಾಗಾಗಿ ಉಪನ್ಯಾಸದಲ್ಲಿ ಮೊದಲ ಚಿತ್ರ ತೆರೆಯ ಮೇಲೆ ಬಂದಾಗ ಕುರ್ಚಿಯಲ್ಲಿ ಸರಿಯಾಗಿ ಕೂತೆ. ಅದು ಒಂದು ಗುಂಡಿಯ ಗೋಡೆಯ ನಕ್ಷೆ. ಮಣ್ಣಿನ ಪದರಗಳಿಗೆ ಒಂದೊಂದಕ್ಕೂ ನಂಬರ್ ಹಾಕಿದ್ದರು.

ನಕ್ಷೆ ಬ್ರಹ್ಮಗಿರಿಯದು. 1947ರಲ್ಲಿ ಅಲ್ಲಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದವರು ಮಾರ್ಟಿಮರ್ ವೀಲರ್, ಆಗ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರು. ಉಪನ್ಯಾಸ ಕೊಟ್ಟ ಮೇಡಂ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರು ವೀಲರ್‌ನಿಂದ ಶುರು ಮಾಡದೆ ಎಂ.ಎಚ್. ಕೃಷ್ಣ ಅವರಿಂದ ಶುರು ಮಾಡಿದರು. ಇದು ನನಗೆ ತುಂಬಾ ಹಿಡಿಸಿತು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಕೃಷ್ಣ 1929ರಲ್ಲೇ ಚಂದ್ರವಳ್ಳಿಯಲ್ಲಿ ಅಗೆಸಿದ್ದರು. ಬ್ರಹ್ಮಗಿರಿಯಲ್ಲೂ ವೀಲರ್‌ಗಿಂತ ಮೊದಲೇ ಕೆಲಸ ಮಾಡಿದ್ದರು. 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಹಲ್ಮಿಡಿ ಹೆಸರು ಎಲ್ಲರಿಗೂ ಗೊತ್ತು, ಕೃಷ್ಣ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಸಭೆಯಲ್ಲಿ ಕೇಳಿದಾಗ ಎದ್ದ ಕೈಗಳು ಬಹಳ ಕಡಿಮೆ.

ಆಮೇಲೆ ಮೇಡಂ ಒಂದೇ ಪ್ರಶ್ನೆ ಹಿಡಿದುಕೊಂಡು ಒಂದು ಗಂಟೆ ಮಾತಾಡಿದರು. ಮಣ್ಣಿನಲ್ಲಿ ಸಿಕ್ಕ ಮಡಕೆ ಚೂರಿನ ಕಾಲ ಗೊತ್ತಾಗುವುದು ಹೇಗೆ? ಇಂಗಾಲದಿಂದ ಕಾಲ ಅಳೆಯುವ ವಿಧಾನ ಆಗ ಬಳಕೆಗೆ ಬಂದಿರಲಿಲ್ಲ. ಕೆಳಗಿನ ಪದರ ಹಳೇದು, ಮೇಲಿನದು ಹೊಸದು, ಅಷ್ಟು ಯಾರಿಗಾದರೂ ಗೊತ್ತಾಗುತ್ತದೆ. ಎಷ್ಟು ಹಳೇದು ಅನ್ನುವುದೇ ಕಷ್ಟ. ಇದಕ್ಕೆ ದಾರಿ ಸಿಕ್ಕಿದ್ದು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ. 1945ರಲ್ಲಿ ವೀಲರ್ ಅಲ್ಲಿ ಅಗೆದಾಗ ಇಟಲಿಯಲ್ಲಿ ಮಾಡಿದ ಕೆಂಪು ಹೊಳಪಿನ ಪಾತ್ರೆಗಳ ಚೂರು ಸಿಕ್ಕವು. ಅವುಗಳ ಕಾಲ ಯುರೋಪಿನಲ್ಲಿ ಮೊದಲೇ ಗೊತ್ತಿತ್ತು, ಕ್ರಿಸ್ತಶಕದ ಆರಂಭದ ದಶಕಗಳು. ಅವುಗಳ ಜೊತೆಯಲ್ಲೇ ಇನ್ನೊಂದು ಬಗೆಯ ತಟ್ಟೆಗಳ ಚೂರು ಇದ್ದವು. ಒಳತಳದಲ್ಲಿ ಸುತ್ತಲೂ ಸಣ್ಣ ಚುಕ್ಕಿಗಳ ಸಾಲು. ಇದಕ್ಕೆ ರೌಲೆಟೆಡ್ ಪಾತ್ರೆ ಅಂತ ಹೆಸರು. ಎರಡು ವರ್ಷದ ನಂತರ ಅದೇ ಚುಕ್ಕಿ ಸಾಲಿನ ತಟ್ಟೆ ನಮ್ಮ ಬ್ರಹ್ಮಗಿರಿಯಲ್ಲಿ ಸಿಕ್ಕಿತು, ಚಂದ್ರವಳ್ಳಿಯಲ್ಲೂ ಸಿಕ್ಕಿತು. ಅಂದರೆ ಆ ಪದರ ಸುಮಾರು ಅದೇ ಕಾಲದ್ದು. ಒಂದು ಪದರಕ್ಕೆ ಕಾಲ ಸಿಕ್ಕಮೇಲೆ ಅದರ ಕೆಳಗಿನದಕ್ಕೂ ಲೆಕ್ಕ ಹಾಕಬಹುದು. ಮೇಲೆ ಶಾತವಾಹನರ ಕಾಲ. ಅದರ ಕೆಳಗೆ ಕಬ್ಬಿಣ ಬಳಸಿ, ದೊಡ್ಡ ಕಲ್ಲಿನ ಗೋರಿ ಕಟ್ಟುತ್ತಿದ್ದ ಜನ. ಎಲ್ಲಕ್ಕಿಂತ ಕೆಳಗೆ ನಯ ಮಾಡಿದ ಕಲ್ಲಿನ ಕೊಡಲಿ ಹಿಡಿದಿದ್ದ ಜನ.

ಒಂದು ಮಡಕೆ ಚೂರಿನಿಂದ ಇಷ್ಟು ದೂರ ಬರಬಹುದು ಅನ್ನುವುದನ್ನು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಮೇಡಂ ಅಲ್ಲಿಗೇ ನಿಲ್ಲಿಸಲಿಲ್ಲ. ವೀಲರ್ ಹಾಕಿದ ಕಾಲ ತೀರಾ ಈಚೆಗಿತ್ತು ಅಂತ ಸ್ಪಷ್ಟವಾಗಿ ಹೇಳಿದರು. ಕಲ್ಲಿನ ಕೊಡಲಿಯ ಜನ ಕ್ರಿಸ್ತಪೂರ್ವ 1000ದ ನಂತರ ಬಂದವರು ಅಂತ ಅವರು ಅಂದುಕೊಂಡಿದ್ದರು. ಆಮೇಲೆ ಇಂಗಾಲದ ಲೆಕ್ಕ ಬಂತು. ದಕ್ಷಿಣದ ನವಶಿಲಾಯುಗ, ಅಂದರೆ ಈ ಕಲ್ಲಿನ ಕೊಡಲಿ ಜನರ ಕಾಲ, ಕ್ರಿಸ್ತಪೂರ್ವ 2500ಕ್ಕೂ ಹಿಂದೆ ಹೋಯಿತು. ಪದರಗಳ ಕ್ರಮ ಸರಿಯಿತ್ತು, ವರ್ಷಗಳು ಬದಲಾದವು. ಇಂಥದ್ದನ್ನು ಜನರ ಮುಂದೆ ಬಿಚ್ಚಿ ಹೇಳುವವರ ಮೇಲೆ ನನಗೆ ನಂಬಿಕೆ ಬರುತ್ತದೆ. ಎಷ್ಟೋ ಪ್ರವಾಸಗಳಲ್ಲಿ ಗೈಡ್ ಹೇಳಿದ್ದೇ ವೇದವಾಕ್ಯ, ಎದುರು ಪ್ರಶ್ನೆಗೆ ಜಾಗವೇ ಇರುವುದಿಲ್ಲ.

ಇನ್ನು ಚಂದ್ರವಳ್ಳಿ. ಚಿತ್ರದುರ್ಗದ ಬೆಟ್ಟ, ಕಿರುಬನ ಕಲ್ಲು, ಚೋಳಗುಡ್ಡ, ಈ ಮೂರರ ನಡುವಿನ ಕಣಿವೆ ಅದು. ದಾವಣಗೆರೆಯವರು ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಕೆರೆ ನೋಡಿ, ಅಂಕಲಿ ಮಠದ ಗುಹೆಗೆ ಇಳಿದು, ಫೋಟೊ ತೆಗೆದುಕೊಂಡು ಬರುತ್ತಾರೆ. ಈ ಪ್ರವಾಸದಲ್ಲಿ ಗುಹೆ ಕೊನೆಗೆ. ಮೊದಲು ಕಣಿವೆಯ ಬಯಲಲ್ಲಿ ಎಲ್ಲರನ್ನೂ ನಿಲ್ಲಿಸಿ, ನೀವು ನಿಂತಿರುವುದು ಒಂದು ಊರಿನ ಮೇಲೆ ಅಂತ ಮೇಷ್ಟ್ರು ಹೇಳಿದರು. ಶಾತವಾಹನರ ಕಾಲದ ಸೀಸದ ನಾಣ್ಯ ಇಲ್ಲಿ ಸಿಕ್ಕಿವೆ. ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಹೆಸರಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಕಡಲಿನಿಂದ ಇಷ್ಟು ದೂರದ ಕಲ್ಲುಗುಡ್ಡಗಳ ನಡುವೆ ರೋಮಿನ ಬೆಳ್ಳಿ! ನಾಣ್ಯಗಳ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದರು. ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದೆವು.

ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಕಾಲ ಸುಮಾರು 4ನೇ ಶತಮಾನ. ಭಾಷೆ ಪ್ರಾಕೃತ, ಅಕ್ಷರ ಬ್ರಾಹ್ಮಿ. ಮಯೂರಶರ್ಮ ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಪಲ್ಲವ, ಆಭೀರ, ತ್ರೈಕೂಟಕ, ಸೇಂದ್ರಕ, ಪುನ್ನಾಟ ಹೀಗೆ ಅವನು ಗೆದ್ದವರ ಹೆಸರುಗಳನ್ನು ಎಂ.ಎಚ್. ಕೃಷ್ಣ ಓದಿದ್ದಾರೆ. ಕಲ್ಲು ಸವೆದಿರುವುದರಿಂದ ಈ ಓದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಮೇಷ್ಟ್ರು ಎರಡು ಪಕ್ಷವನ್ನೂ ಹೇಳಿದರು. ನನಗೆ ಮುಖ್ಯವಾಗಿ ಕಂಡದ್ದು ಕೆರೆ. ಇಷ್ಟು ಯುದ್ಧ ಗೆದ್ದವನು ಅಂತ ಹೇಳಿಸಿಕೊಂಡ ರಾಜ ಬಂಡೆಯ ಮೇಲೆ ಬರೆಸಿದ್ದು ಕೆರೆ ಕಟ್ಟಿಸಿದ್ದನ್ನು. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಅದು ಎಷ್ಟು ದೊಡ್ಡ ಕೆಲಸ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಕಲಿ ಮಠದ ಗುಹೆ ಕೋಣೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಳಗೆ ಕತ್ತಲು, ಬಾಗಿಲು ತಗ್ಗು, ಟಾರ್ಚ್ ಬೇಕೇ ಬೇಕು. ಉಸಿರು ಕಟ್ಟುವ ತೊಂದರೆ ಇದ್ದವರು ಹೊರಗೇ ಕೂರುವುದು ಒಳ್ಳೆಯದು.

ಕೋಟೆಯನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ? ಶಾಲೆಯ ಟ್ರಿಪ್ಪಿನಲ್ಲಿ ಎಲ್ಲರೂ ಹೋಗಿರುತ್ತೇವೆ. ಓಬವ್ವನ ಕಿಂಡಿ ನೋಡಿ ಕಣ್ಣು ತುಂಬಿಕೊಂಡು ಬಂದಿರುತ್ತೇವೆ. ಇವರೂ ಕಿಂಡಿಯ ಹತ್ತಿರ ನಿಲ್ಲಿಸಿದರು, ಓಬವ್ವನ ಸಾಹಸವನ್ನು ಗೌರವದಿಂದ ಹೇಳಿದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಕಥೆ, ಕೊನೆಯ ಮದಕರಿ ನಾಯಕನ ಕಥೆ ಎಲ್ಲ ಬಂತು. ಹೆಚ್ಚಿನ ಹೊತ್ತು ಕೊಟ್ಟಿದ್ದು ಮಾತ್ರ ಎರಡು ವಿಷಯಕ್ಕೆ, ನೀರಿಗೆ ಮತ್ತು ಮಣ್ಣಿಗೆ.

ನೀರಿನ ವಿಷಯ ಹೀಗೆ. ಬೆಟ್ಟದ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಪೈಪಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ನಾವು ಹೊಂಡದಿಂದ ಹೊಂಡಕ್ಕೆ ಆ ಇಳಿಜಾರಿನ ಜಾಡು ಹಿಡಿದೇ ಇಳಿದೆವು. ಕೋಟೆಯನ್ನು ಹೀಗೆ ನೀರಿನ ದಾರಿಯಲ್ಲಿ ತೋರಿಸುವ ಗೈಡ್‌ಗಳು ಎಲ್ಲ ಕಡೆ ಬೇಕು.

ಮಣ್ಣಿನ ವಿಷಯ ನನ್ನ ಕಸುಬಿಗೆ ಹತ್ತಿರದ್ದು. ಕಲ್ಲಿನ ಕೋಟೆ ಅಂತಲೇ ಹೆಸರು, ಆದರೆ ಒಳಗಿನ ಅರಮನೆ, ಕಣಜ, ಮನೆಗಳ ಉಳಿದ ಗೋಡೆಗಳು ಮಣ್ಣಿನವು. ಮಾಡು ಬಿದ್ದುಹೋಗಿ, ಮೇಲೆ ಮಳೆ ಸುರಿದರೂ ಎತ್ತರದ ಮಣ್ಣಿನ ಗೋಡೆಗಳು ಇವತ್ತಿಗೂ ನಿಂತಿವೆ. ನಾನು ಹತ್ತಿರ ಹೋಗಿ ಗೋಡೆಯ ದಪ್ಪ ನೋಡಿದೆ, ಕೆಳಗಿನಿಂದ ಮೇಲಕ್ಕೆ ಹೋಗ್ತಾ ಗೋಡೆ ಸಣ್ಣದಾಗುವುದನ್ನು ಮಗಳಿಗೆ ತೋರಿಸಿದೆ. ಮುಟ್ಟಬೇಡಿ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು, ಮುಟ್ಟಲಿಲ್ಲ. ಆ ಗೋಡೆಗಳ ಮೇಲೆ ಹೆಸರು ಕೆತ್ತಿರುವ ಪ್ರೇಮಿಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಲ್ಲಿನ ಮೇಲೆ ಬರೆದದ್ದನ್ನು ತೊಳೆಯಬಹುದು. ಮಣ್ಣು ಕೆರೆದರೆ ಹೋಯಿತು, ಮತ್ತೆ ಬರುವುದಿಲ್ಲ.

ಬ್ರಹ್ಮಗಿರಿ ಪ್ರವಾಸ ಇದಕ್ಕಿಂತ ತೂಕದ್ದು. ಒಂದಕ್ಕೆ ಮಾತ್ರ ಬಿಡುವು ಇದೆ ಅನ್ನುವವರು ಬ್ರಹ್ಮಗಿರಿಗೇ ಹೋಗಿ. ಕೋಟೆಯನ್ನು ನಿಮ್ಮಷ್ಟಕ್ಕೆ ನೋಡಬಹುದು. ಬ್ರಹ್ಮಗಿರಿಯಲ್ಲಿ ಗೊತ್ತಿದ್ದವರು ಜೊತೆಗಿಲ್ಲದಿದ್ದರೆ ಬರೀ ಬಂಡೆ, ಮುಳ್ಳುಗಿಡ, ಹೊಲ ಕಾಣುತ್ತವೆ.

ಮೊದಲು ಅಶೋಕನ ಶಾಸನ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಯ ಶಾಸನಗಳನ್ನು ಗುರುತಿಸಿದರು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅದಕ್ಕೂ ಮೊದಲಿನಿಂದ ಅಕ್ಷರಗುಂಡು ಅಂತ ಕರೆಯುತ್ತಿದ್ದರು. ಓದಲು ಬಾರದಿದ್ದರೂ ಅದು ಅಕ್ಷರ ಅಂತ ಗುರುತಿಸಿ ಉಳಿಸಿಕೊಂಡಿದ್ದರಲ್ಲ, ಅದು ದೊಡ್ಡದು. ಶಾಸನ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಪತ್ರದ ಹಾಗಿದೆ. ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ರಾಜನ ಮಾತು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಇಸಿಲ ಇದೇ ಜಾಗದ ಹಳೆಯ ಊರು ಅಂತ ವಿದ್ವಾಂಸರ ಅಭಿಪ್ರಾಯ.

ಮಗಳಿಗೆ ತುಂಬಾ ಹಿಡಿಸಿದ್ದು ಕೊನೆಯ ಸಾಲು. ಬರೆದವನ ಹೆಸರು ಚಪಡ. ಶಾಸನವಿಡೀ ಬ್ರಾಹ್ಮಿಯಲ್ಲಿದೆ, ಲಿಪಿಕಾರ ಅಂತ ತನ್ನ ಕಸುಬು ಹೇಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ದೂರದ ವಾಯವ್ಯ ಸೀಮೆಯದು. ಆ ಲಿಪಿ ಬಲ್ಲವನು ಮೊಳಕಾಲ್ಮೂರಿನ ಬಂಡೆಯ ಮುಂದೆ ಕೂತು ಬರೆದಿದ್ದಾನೆ. "ಅಪ್ಪಾ, ಅವನು ಅಲ್ಲಿಂದ ಇಲ್ಲಿಗೆ ಎಷ್ಟು ದಿನ ನಡೆದಿರಬಹುದು?" ಅಂತ ಮಗಳು ವಾಪಸ್ ಬರುವಾಗ ಬಸ್ಸಿನಲ್ಲೂ ಕೇಳುತ್ತಲೇ ಇದ್ದಳು.

ಆಮೇಲೆ ಕಲ್ಲಿನ ಗೋರಿಗಳು. ಇಂಥವನ್ನು ನಮ್ಮ ಜನ ಮೋರೇರ ಮನೆ, ಪಾಂಡವರ ಮನೆ ಅಂತ ಕರೆಯುತ್ತಾರೆ. ನಾಲ್ಕು ಕಲ್ಲು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆ, ತಳಕ್ಕೊಂದು, ಮುಚ್ಚಳಕ್ಕೊಂದು ಚಪ್ಪಡಿ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಸುತ್ತ ಕಲ್ಲುಗಳ ವೃತ್ತ. ಅಗೆದಾಗ ಒಳಗೆ ಮೂಳೆಗಳು, ಕಪ್ಪು ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು ಸಿಕ್ಕಿದ್ದವು.

ನಾನು ಅಲ್ಲಿ ಬಹಳ ಹೊತ್ತು ನಿಂತೆ. ಆ ಚಪ್ಪಡಿಗಳನ್ನು ಮೂಲೆಗೆ ಮೂಲೆ ಕೂಡಿಸಿಲ್ಲ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಗೆ ಚಾಚಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನಿಂದ ಮಣ್ಣು ಒತ್ತಿದಾಗ ಒಂದು ಕಲ್ಲು ಇನ್ನೊಂದಕ್ಕೆ ಆತುಕೊಳ್ಳುತ್ತದೆ. ಒತ್ತಿದಷ್ಟೂ ಬಿಗಿ. ಗಾರೆ ಇಲ್ಲ, ಮೊಳೆ ಇಲ್ಲ. ನೆಲದೊಳಗಿನ ನೀರಿನ ತೊಟ್ಟಿ ಕಟ್ಟುವಾಗ ಮಣ್ಣಿನ ಒತ್ತಡಕ್ಕೆ ಗೋಡೆ ಒಳಗೆ ಬಾಗದಿರಲಿ ಅಂತ ನಾವು ಎಷ್ಟು ಕಬ್ಬಿಣ ಹಾಕುತ್ತೇವೆ! ಅದೇ ಒತ್ತಡವನ್ನು ಅವರು ಕೆಲಸಕ್ಕೆ ಹಚ್ಚಿಕೊಂಡಿದ್ದಾರೆ. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ತಕ್ಷಣ ಎಲ್ಲರನ್ನೂ ಹತ್ತಿರ ಕರೆದು, "ಈ ಯಜಮಾನ್ರು ಕಟ್ಟೋ ಕೆಲಸ ಬಲ್ಲವರು, ಅವರ ಬಾಯಿಂದಲೇ ಕೇಳಿ" ಅಂತ ನನ್ನಿಂದಲೇ ವಿವರಣೆ ಕೊಡಿಸಿದರು. ಬಂದವರ ತಿಳಿವಳಿಕೆಗೂ ಜಾಗ ಕೊಡುವ ಈ ಗುಣಕ್ಕೆ ಎಷ್ಟು ಹೊಗಳಿದರೂ ಸಾಲದು.

ಇನ್ನೊಂದು ವಿಷಯ ಕೇಳಿ ಗುಂಪಿನಲ್ಲಿದ್ದ ಹೆಂಗಸರೆಲ್ಲ ಸುಮ್ಮನಾದರು. ಕಲ್ಲಿನ ಕೊಡಲಿಯ ಕಾಲದ ಜನ ಸತ್ತ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ವಾಸದ ಜಾಗದಲ್ಲೇ ಹೂಳುತ್ತಿದ್ದರಂತೆ. ಅಂಥ ಮಡಕೆಗಳು ಬ್ರಹ್ಮಗಿರಿಯಲ್ಲಿ ಸಿಕ್ಕಿವೆ.

ಈಗ ಕೊರತೆಗಳು. ಉಪನ್ಯಾಸದ ಹಾಲ್ ಸರಿಯಿರಲಿಲ್ಲ. ಫ್ಯಾನಿನ ಸದ್ದಿಗೆ ಹಿಂದಿನ ಸಾಲಿನವರಿಗೆ ಮಾತು ಕೇಳುತ್ತಿರಲಿಲ್ಲ. ತೆರೆಯ ಮೇಲಿನ ನಕ್ಷೆಗಳಲ್ಲಿ ಬರಹವೆಲ್ಲ ಇಂಗ್ಲಿಷ್. ಮೇಡಂ ಕನ್ನಡದಲ್ಲಿ ಚೆಂದವಾಗಿ ಹೇಳುತ್ತಾರೆ, ಸರಿ. ಆದರೆ ನಕ್ಷೆಯ ಮೇಲೆ ಕನ್ನಡದಲ್ಲಿ ಪದರದ ಹೆಸರು ಬರೆದರೆ ಹತ್ತನೇ ಕ್ಲಾಸಿನ ಮಕ್ಕಳೂ ಬರೆದುಕೊಂಡು ಹೋಗಬಹುದು. ಬ್ರಹ್ಮಗಿರಿಯಲ್ಲಿ ಹೆಂಗಸರಿಗೆ ಶೌಚಾಲಯದ ವ್ಯವಸ್ಥೆ ಮಾಡಿರಲಿಲ್ಲ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ದಾರಿಯಲ್ಲಿ ಯಾವುದಾದರೂ ಶಾಲೆಯವರ ಜೊತೆ ಮೊದಲೇ ಮಾತಾಡಿಕೊಂಡರೆ ಸಾಕು. ಒಂದು ಬಸ್ಸಿನ ತುಂಬ ಜನ ಒಂದೇ ಬಂಡೆ ಸುತ್ತ ನಿಂತರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಎರಡು ಗುಂಪು ಮಾಡಿ ಇಬ್ಬರು ಮೇಷ್ಟ್ರು ನಡೆಸಬೇಕು. ರಂಗಯ್ಯನ ಬಾಗಿಲ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಹೊತ್ತಾಯಿತು ಅಂತ ಬಿಟ್ಟರು, ಅದೂ ಬೇಸರವಾಯಿತು.

ಊಟ ಚೆನ್ನಾಗಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ನೀರಿನ ಬಾಟಲಿ, ಟೋಪಿ ನೀವೇ ತರಬೇಕು. ಬೇಸಿಗೆಯಲ್ಲಿ ಆ ಬಂಡೆಗಳ ಕಾವು ತಡೆಯಲಾಗುವುದಿಲ್ಲ, ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ, ಆ ಸಮಯಕ್ಕೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಮೊಣಕಾಲು ನೋವಿರುವ ಹಿರಿಯರಿಗೆ ಕೋಟೆಯ ಮೇಲಿನ ಭಾಗ ಆಗುವುದಿಲ್ಲ, ಚಂದ್ರವಳ್ಳಿ ಬಯಲು ಆಗುತ್ತದೆ.

ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಒಂದು ಪ್ರಶ್ನೆಗೆ ಸಿಕ್ಕ ಉತ್ತರ. ಪಾಯ ತೆಗೆಯುವಾಗ ಹಳೇ ಮಡಕೆ, ನಾಣ್ಯ, ಬರಹದ ಕಲ್ಲು ಸಿಕ್ಕರೆ ನಾವೇನು ಮಾಡಬೇಕು ಅಂತ ಕೇಳಿದೆ. ಜನರಿಗೆ ಇದರ ಭಯ ಜಾಸ್ತಿ. ಹೇಳಿದರೆ ಸೈಟು ಹೋಗುತ್ತದೆ, ಕೆಲಸ ನಿಲ್ಲುತ್ತದೆ ಅಂತ ಮಾತು. ಅದಕ್ಕೇ ಎಷ್ಟೋ ಕಡೆ ಸಿಕ್ಕದ್ದನ್ನು ಸುಮ್ನೆ ಮತ್ತೆ ಮುಚ್ಚಿಬಿಡುತ್ತಾರೆ, ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಳ್ಳುತ್ತಾರೆ. ಮೇಡಂ ಬಿಡಿಸಿ ಹೇಳಿದರು. ಆ ಜಾಗದಲ್ಲಿ ಅಗೆಯುವುದನ್ನು ನಿಲ್ಲಿಸಬೇಕು. ವಸ್ತುವನ್ನು ಎತ್ತದೆ, ತೊಳೆಯದೆ, ಇದ್ದ ಹಾಗೇ ಫೋಟೊ ತೆಗೆಯಬೇಕು, ಎಷ್ಟು ಆಳ ಅಂತ ಟೇಪು ಹಿಡಿದು ಬರೆದುಕೊಳ್ಳಬೇಕು. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ, ಪುರಾತತ್ವ ಇಲಾಖೆಗೆ ತಿಳಿಸಬೇಕು. ನಿಧಿ ಸಿಕ್ಕರೆ ತಿಳಿಸಲೇಬೇಕು ಅಂತ 1878ರಿಂದಲೇ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಇದು ನಮ್ಮ ಕಸುಬಿನವರಿಗೆ ಗೊತ್ತಿರುವ ನಿಯಮ, ಅದರ ಕಾರಣ ಅವತ್ತು ಗೊತ್ತಾಯಿತು. ಚೂರು ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದೇ ಅದರ ಅರ್ಧ ಕಥೆ. ಕಿತ್ತು ಕೈಗೆ ತಂದುಕೊಟ್ಟರೆ ವಿದ್ವಾಂಸರಿಗೂ ಅದರಿಂದ ಜಾಸ್ತಿ ತಿಳಿಯುವುದಿಲ್ಲ.

ಅದಕ್ಕೇ ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ಸಭೆಯಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ಕಾಲೇಜು ಹುಡುಗರು ಇದ್ದರು. ಜೆಸಿಬಿ ಓಡಿಸುವವರು, ಬೋರ್‌ವೆಲ್ ಕೊರೆಯುವವರು, ಗಾರೆ ಮೇಸ್ತ್ರಿಗಳು ಒಬ್ಬರೂ ಇರಲಿಲ್ಲ. ನೆಲದೊಳಗಿನದನ್ನು ಮೊದಲು ನೋಡುವವರು ಅವರೇ. ಶನಿವಾರ ಸಂಜೆ ಬಟವಾಡೆ ಹೊತ್ತು, ಆಗ ಕರೆದರೆ ಅವರು ಬರುವುದಿಲ್ಲ. ಭಾನುವಾರ ಸಂಜೆ ಇಡಿ. ಒಂದು ಸಲ ದಾವಣಗೆರೆಯಲ್ಲೂ ಮಾಡಿ. ಹರಿಹರೇಶ್ವರ ಗುಡಿ, ಸಂತೇಬೆನ್ನೂರು ಪುಷ್ಕರಣಿ, ನಮ್ಮ ಕಡೆ ತೋರಿಸಲು ಏನೂ ಕಡಿಮೆ ಇಲ್ಲ. ಹಾಲಿನ ಬಾಡಿಗೆ ಹೊರೆಯಾದರೆ ನನ್ನ ಗೋಡೌನ್ ಖಾಲಿ ಮಾಡಿಸಿ ಕೊಡುತ್ತೇನೆ. ಕುರ್ಚಿ, ಮೈಕು, ಬಂದವರಿಗೆ ಚಹಾ ಮಂಡಕ್ಕಿ ಮಿರ್ಚಿ ನನ್ನ ಖರ್ಚು. ನನ್ನ ಮೇಸ್ತ್ರಿಗಳನ್ನೂ, ಅವರ ಕಡೆಯ ಜೆಸಿಬಿ ಹುಡುಗರನ್ನೂ ಕರೆತರುವ ಜವಾಬ್ದಾರಿ ನನ್ನದು.